ಶಿವನಂಜಪ್ಪನ ಕಡೇ ಕೋಲು

ಬಾಗಿಲು ಹಾಕ್ಕೊಂಡು ಬಾ... ಹಾಂ, ಚಿಲಕಾನೂ. ನಗೋರು ಈಗಲೇ ನಕ್ಕುಬಿಡಿ. ಮಧ್ಯದಲ್ಲಿ ಹಲ್ಲು ಕಿಸಿದ್ರೆ ನಾನು ಎದ್ದು ಹೋಗೋನೇ. ಇದು ಯಾರದೋ ಊರಿನ ಸುದ್ದಿ ಅಲ್ಲ. ನಮ್ಮ ಚಿಕ್ಕಮ್ಮನ ಮಗ ಯತೀಶನಿಗೆ ಆಗಿದ್ದು.

ಅವತ್ತು ಅಮಾವಾಸ್ಯೆ ರಾತ್ರಿ ಅವನು ಕಟ್ಟೆಮಳಲವಾಡಿಯಲ್ಲಿ ಕಡೇ ಬಸ್ಸು ಇಳಿದ. ಕರೆಂಟಿಲ್ಲ. ಮನೆಗೆ ಹೋಗಬೇಕಂದ್ರೆ ಹೊಗೆಸೊಪ್ಪು ಬೇಯಿಸೋ ಬ್ಯಾರನ್ ಮನೆ ಹಿಂದೆ, ಹಾಳು ಬಾವಿ ಪಕ್ಕದಲ್ಲೇ ದಾರಿ. ಕಂಕುಳಲ್ಲಿ ಹಳೇ ಬೆಡ್‌ಶೀಟು ಸುತ್ತಿದ ಒಂದು ಕೋಲು... ಪೂಲ್ ಆಡೋ ಕೋಲು. ಹಸಿರು ಬಟ್ಟೆ ಮೇಜಿನ ಮೇಲೆ ಬಣ್ಣಬಣ್ಣದ ಗುಂಡು ಹೊಡೀತಾರಲ್ಲ, ಅದು. ಅದಕ್ಕೋಸ್ಕರ ಅಂತರಸಂತೆವರೆಗೂ ಹೋಗಿ ಬಂದಿದ್ದ ಪುಣ್ಯಾತ್ಮ.

ಆಡೋಕೆ ಅಂದ್ಕೊಂಡ್ರಾ? ಅಯ್ಯೋ, ಯತೀಶನಿಗೆ ಒಂದು ಗುಂಡೂ ನೆಟ್ಟಗೆ ಹೊಡೆಯೋಕೆ ಬರಲ್ಲ. ಕೂಡಿಡೋದು ಅವನ ಹುಚ್ಚು. ಅದೂ ಯಾವುದೋ ಕೋಲಲ್ಲ, ಹುಣಸೂರಿನ ಶಿವನಂಜಪ್ಪ ಕೈಯಾರೆ ಮಾಡಿದ್ದೇ ಆಗಬೇಕು. ಮರದ ಡಿಪೋ ಹಿಂದೆ ಆ ಮುದುಕನ ಲೇತು ಇತ್ತು. ಬೀಟೆ ಮರ ಕಡೆದು, ಅರಗಿನ ಪಾಲಿಶ್ ಹಾಕಿ ಕೊಟ್ಟರೆ ಕೊಡಗಿನ ಕ್ಲಬ್ಬಿನವರು ಜೀಪಲ್ಲಿ ಬಂದು ಕಾದು ನಿಂತು ತಗೊಂಡು ಹೋಗೋರು. ಅಂಥ ಕೈ.

ಆದರೆ ಮುದುಕನದೊಂದು ಕಟ್ಟುಪಾಡು. ಆಡೋನನ್ನ ಬರಿಗಾಲಲ್ಲಿ ನಿಲ್ಲಿಸೋದು, ಅಂಗಾಲಿಂದ ಭುಜದವರೆಗೆ ನೂಲು ಹಿಡಿದು ಗಂಟು ಹಾಕೋದು. ಅಷ್ಟೇ ಉದ್ದ ಕೋಲು, ಬುಡದಲ್ಲಿ ಅವನ ಹೆಸರಿನ ಅಕ್ಷರ. ಆ ಮನುಷ್ಯ ಸತ್ತರೆ ಮನೆಯವರು ಕೋಲು ವಾಪಸ್ ತರಬೇಕು. ಮುದುಕ ಬುಡದಿಂದ ಒಂದು ಬೆರಳಗಲ ಕೊಯ್ದು ಕೊಡೋನು. ಅಳತೆ ತಪ್ಪಿದ ಮೇಲೆ ಸತ್ತೋನ ಕೈ ಕೋಲು ಬಿಡುತ್ತೆ ಅಂತ. ಆಮೇಲೆ ಯಾರು ಬೇಕಾದ್ರೂ ಇಟ್ಕೋಬಹುದು.

ಯತೀಶ ಕೊಯ್ಯದೇ ಇರೋವನ್ನೇ ಹುಡುಕಿ ಹುಡುಕಿ ತರೋನು. ಕೊಯ್ದ ಕೋಲು ಕೊಂಬು ಮುರಿದ ಮೂಳಿ ಹಸು ಇದ್ದಂಗೆ, ಯಾವನು ಮೂಸ್ತಾನೆ ಅನ್ನೋನು.

ಅವನಿಗೆ ಇದ್ದದ್ದು ಒಂದೇ ಆಸೆ, ತನ್ನ ಅಳತೆಗೊಂದು ಕೋಲು. ಮುದುಕನಿಗೆ ದುಂಬಾಲು ಬಿದ್ದ. ಕಡೆಗೂ ಶಿವನಂಜಪ್ಪ ನೂಲು ಹಿಡಿದು ಅಳೆದ, ಗಂಟು ಹಾಕಿದ, ಮೊಳೆಗೆ ನೇತುಹಾಕಿದ.

“ನಿನ್ ಬೀರುನಲ್ಲಿ ಸತ್ತೋರ ಕೋಲು ಅವಲ್ಲ, ಅವನ್ನೆಲ್ಲ ಮೊದ್ಲು ತತ್ತಾ. ಕೊಯ್ದು ಕೊಡ್ತೀನಿ. ಆಮೇಕೆ ನಿಂದು ಮಾಡ್ತೀನಿ.”

“ತತ್ತೀನಿ ಯಜಮಾನ್ರೇ,” ಅಂದ ಯತೀಶ. ತರಲಿಲ್ಲ. ನಾಳೆ ನಾಡಿದ್ದು ಅಂತ ತಳ್ಳಿದ. ಶಿವರಾತ್ರಿ ಕಳೀತಿದ್ದಂಗೆ ಮುದುಕ ತೀರ್ಕೊಂಡ. ಮಣ್ಣಿಗೆ ಹೋದ ಯತೀಶ ಗೊಳೋ ಅಂತ ಅತ್ತ. ಮುದುಕನಿಗಲ್ಲ ಕಣ್ರೀ, ಸಿಗದೇ ಹೋದ ಕೋಲಿಗೆ. ನಾನೇ ಪಕ್ಕದಲ್ಲಿದ್ದೆ.

ಈಗ ಅಂತರಸಂತೆಯಿಂದ ತಂದಿದ್ದು ದಾಸಯ್ಯನ ಕೋಲು. ಕ್ಲಬ್ಬಲ್ಲಿ ಕೆಲಸಕ್ಕಿದ್ದು, ಸಾಹೇಬರನ್ನೇ ಆಟದಲ್ಲಿ ಸೋಲಿಸ್ತಿದ್ದನಂತೆ. ಅವನ ಹೆಂಡತಿ ದೊಡ್ಡತಾಯಮ್ಮ ಕೊಡೋವಾಗ ಕೈ ಮುಗಿದಿದ್ದಳು. “ನಮ್ಮೋರು ತೀರೋದಾಗ ಕೊಯ್ಸಕ್ಕಾಗ್ನಿಲ್ಲ ಕಣಪ್ಪ. ನೀನಾರೂ ಕೊಯ್ಸು.”

“ಕೊಯ್ಸ್ತೀನಿ ಬುಡವ್ವ,” ಅಂದು ಬಂದಿದ್ದ. ಬಾಯಿಗೆ ಬಂದ ಮಾತು, ಅಷ್ಟೇ.

ಸರಿ... ಬಾವಿ ಹತ್ತಿರ ಬಂದ. ಗರ್ರ್‌ರ್‌ರ್... ಲೇತು ತಿರುಗೋ ಸದ್ದು. ಊರಲ್ಲೇ ಕರೆಂಟಿಲ್ಲ, ಲೇತು ಎಲ್ಲಿಂದ? ನಿಂತ. ಸದ್ದೂ ನಿಂತಿತು. ಆಮೇಲೆ ಸ್ಸರಕ್... ಸ್ಸರಕ್... ಮರಕ್ಕೆ ಉಪ್ಪುಕಾಗದ ಉಜ್ಜೋ ಸದ್ದು. ಬಿಸಿ ಅರಗಿನ ವಾಸನೆ ಮೂಗಿಗೆ ಬಂತು.

“ಯತೀಸ...”

ಬಾವಿ ಕಟ್ಟೆಯ ಆ ಕಡೆಯಿಂದ. ಪಿಸುದನಿ.

“ಯಾ... ಯಾರು?”

“ಕೊಯ್ಯಾಕೆ ತಂದ್ಯಾ?”

ದನಿ ಗುರುತು ಸಿಕ್ತು, ಮಣ್ಣು ಮಾಡಿದ ಮುದುಕನದೇ. ಕೋಲು ಕಂಕುಳಲ್ಲೇ ಇದೆ. ತಗೊಳ್ಳಿ ಅಂತ ಕಟ್ಟೆ ಮೇಲೆ ಇಟ್ಟಿದ್ರೆ ಮುಗೀತಿತ್ತು. ಆದರೆ ದಾಸಯ್ಯನ ಕೋಲು, ಕೊಯ್ಯದೇ ಇರೋದು, ಇನ್ನೆಲ್ಲೂ ಸಿಗದ್ದು... ಹಾಳಾದ ಆಸೆ ನೋಡಿ, ಆ ಹೊತ್ತಲ್ಲೂ ಬಿಡಲಿಲ್ಲ.

“ತಂದಿಲ್ಲ,” ಅಂದ.

ಮತ್ತೆ ಸ್ಸರಕ್... ಸ್ಸರಕ್...

“ಅಂಗಾರೆ ನಿಂದೇ ಮಾಡ್ತೀನಿ, ಬುಡು.”

ಯತೀಶ ಬಿದ್ದೆನೋ ಎದ್ದೆನೋ ಅಂತ ಓಡಿದ. ಕೋಲನ್ನ ಗಾಜಿನ ಬೀರುನಲ್ಲಿಟ್ಟು ಬೀಗ ಹಾಕಿ, ಬೀಗದಕೈ ಉಡುದಾರಕ್ಕೆ ಕಟ್ಕೊಂಡು ಮಲಗಿದ. ಬೆಳಗಿನ ಜಾವ ಬೀರು ಕಡೆಯಿಂದ ಗರಕ್... ಗರಕ್... ಗರಗಸ. ಆಮೇಲೆ ಟಪ್ ಅಂತ ಏನೋ ಚಿಕ್ಕದು ನೆಲಕ್ಕೆ ಬಿತ್ತು.

“ಇಲಿ ಇರ್ಬೇಕು, ಮನಿಕ್ಕಳಿ,” ಅಂದಳು ಹೆಂಡತಿ ಕಾವ್ಯಾ.

ಬೆಳಕು ಹರಿದಾಗ ಬೀರು ಬೀಗ ಹಾಕಿದಂಗೇ ಇತ್ತು. ಒಳಗೆ ಒಂದು ಕೋಲು ಜಾಸ್ತಿ. ಹೊಚ್ಚ ಹೊಸದು. ಪಾಲಿಶ್ ಇನ್ನೂ ಬೆರಳಿಗೆ ಅಂಟುತ್ತೆ. ಬುಡದಲ್ಲಿ ‘ಯ’ ಅಂತ ಕೆತ್ತಿದೆ. ಭಯ ಎಲ್ಲಿ ಹೋಯ್ತೋ, ಯತೀಶ ಕುಣಿದಾಡಿಬಿಟ್ಟ. ಬರಿಗಾಲಲ್ಲಿ ನಿಂತು ಪಕ್ಕಕ್ಕೆ ಹಿಡಿದ. ಸರಿಯಾಗಿ ಭುಜಕ್ಕೆ ಬಂತು.

“ನೋಡೇ ಕಾವ್ಯಾ! ನಂದೇ ಅಳ್ತೆ!”

ಕಾವ್ಯಾ ಬಗ್ಗಿ ನೋಡಿದಳು. “ಬುಡ ಯಾಕ್ರೀ ಇಂಗದೆ? ಪಾಲಿಸ್ಸೇ ಇಲ್ಲ... ಈಗ ಕೊಯ್ದಂಗದೆ.”

ಯತೀಶ ಹಂಗೇ ಕೋಲು ಹಿಡ್ಕೊಂಡು ಹುಣಸೂರಿಗೆ ಓಡಿದ, ಮುದುಕನ ಹೆಂಡತಿ ಸಿದ್ದಲಿಂಗಮ್ಮನ ಹತ್ತಿರ. ಆಯಮ್ಮ ಮೊಳೆಯಲ್ಲಿದ್ದ ನೂಲು ತಂದು ಕೋಲಿನ ಪಕ್ಕ ಹಿಡಿದಳು. ಕೋಲು ಒಂದು ಬೆರಳು ಗಿಡ್ಡ.

“ಆದ್ರೆ ನನ್ ಭುಜಕ್ಕೆ ಸರಿಯಾಗದೆ ಕಣವ್ವ!”

“ನಿಂತ್ಕೊ.”

ನೂಲಿನ ತುದಿ ಅವನ ಕಾಲಡಿ ಇಟ್ಟು ಮೇಲಕ್ಕೆಳೆದಳು. ಗಂಟು ಭುಜ ದಾಟಿ ಒಂದು ಬೆರಳು ಮೇಲೆ ಹೋಯ್ತು.

“ನೂಲು ಎಳೆದೆಳೆದು ಇಗ್ಗಿರ್ಬೇಕು,” ಅಂದ ಯತೀಶ.

“ಅವರ ನೂಲು ಯಾವತ್ತೂ ಇಗ್ಗಿಲ್ಲ ಮಗ.” ಆಯಮ್ಮ ಸೆರಗಲ್ಲಿ ಕಣ್ಣೊರೆಸ್ಕೊಂಡಳು. “ಬದುಕಿರೋರ ಕೋಲು ಕೊಯ್ದಿದ್ದ ನಾ ಕಂಡೇ ಇಲ್ಲ.”

“ಎಲ್ಲಾನೂ ಕೊಯ್ತೀನವ್ವ! ಇವತ್ತೇ ಕೊಯ್ತೀನಿ!”

ಮುದುಕನ ಗರಗಸಾನೇ ಇಸ್ಕೊಂಡು ಬಂದು, ಅಳ್ತಾ ಅಳ್ತಾ ಬೀರುನಲ್ಲಿದ್ದ ಸತ್ತೋರ ಕೋಲುಗಳನ್ನೆಲ್ಲ ಕೊಯ್ದ. ದಾಸಯ್ಯನದ್ದನ್ನೂ. ಏನು ಬಂತು? ಮುಂದಿನ ಅಮಾವಾಸ್ಯೆಗೆ ಮತ್ತೆ ಅದೇ... ಗರಕ್... ಗರಕ್... ಟಪ್. ‘ಯ’ ಅನ್ನೋ ಕೋಲು ಇನ್ನೊಂದು ಬೆರಳು ಗಿಡ್ಡ. ಪಕ್ಕಕ್ಕೆ ಹಿಡಿದರೆ ಸರಿಯಾಗಿ ಭುಜಕ್ಕೆ. ಅದರ ಮುಂದಿನ ಅಮಾವಾಸ್ಯೆಗೂ ಹಂಗೇ.

ಸುಟ್ಟುಬಿಡೋ ಅಂದೆ ನಾನು. “ಸುಟ್ರೆ ಸುಡೋದು ಕೋಲೋ ನಾನೋ ಅಣ್ಣ?” ಅಂದ. ನಿಮಗೆ ಉತ್ತರ ಗೊತ್ತಿದ್ರೆ ಹೇಳಿ.

ಮೈಸೂರಲ್ಲಿ ಡಾಕ್ಟ್ರಿಗೆ ತೋರಿಸಿದ್ರು. ಬೆನ್ನುಮೂಳೆ ಸವೀತಿರಬೇಕು ಅಂದ್ರಂತೆ. ಆಗ್ಲಿ, ಒಪ್ಪೋಣ. ಆದರೆ ನಮ್ಮ ಭಾವಮೈದ ಪ್ರಭುಸ್ವಾಮಿ ಹುಣಸೂರು ಬಸ್‌ಸ್ಟ್ಯಾಂಡ್ ಹಿಂದೆ ಟೈಲರ್. ಸುಳ್ಳು ಹೇಳೋ ಪೈಕಿ ಅಲ್ಲ, ಬೇಕಾದ್ರೆ ನಾಳೆನೇ ಹೋಗಿ ಕೇಳಿ. ಯತೀಶನ ಸೊಂಟ ಅಷ್ಟೇ ಇದೆ, ತೋಳು ಅಷ್ಟೇ ಇದೆ, ಅಂಗಿ ಎಲ್ಲ ಸರಿಯಾಗೇ ಆಗುತ್ತೆ. ಪ್ರತೀ ಅಮಾವಾಸ್ಯೆ ಮಾರನೇ ದಿನ ಕಾವ್ಯಾ ಅವನ ಪ್ಯಾಂಟುಗಳನ್ನ ಮಾತ್ರ ತಂದು, ಕಾಲು ಮೇಲಕ್ಕೆ ಮಡಿಸಿ ಹೊಲಿಸ್ಕೊಂಡು ಹೋಗ್ತಾಳೆ.

ಮೊನ್ನೆ ಮಡಿಸಿ ಮಡಿಸಿ ಬಟ್ಟೆ ದಪ್ಪ ಆಗಿ, ಮಿಷಿನ್ ಸೂಜಿ ಮುರೀತಂತೆ. “ಇಷ್ಟನ್ನ ಕತ್ತರಿಸಿಬಿಡ್ಲಾಮ್ಮ?” ಅಂತ ಕೇಳಿದ್ದಾನೆ ಪ್ರಭುಸ್ವಾಮಿ.

“ಬ್ಯಾಡಿ ಕಣಣ್ಣ,” ಅಂದಳಂತೆ. “ಮಡ್ಚಿ. ಕೊಯ್ಬ್ಯಾಡಿ.”