ಗೋಡೆಯಾಚೆ ಚಾಚಿದ ಜಾಲರಿ

ಕಡಲ ದಡದ ಒಂದೂರಿನಲ್ಲಿ ಒಬ್ಬ ಶ್ರೀಮಂತನಿದ್ದ. ಆ ಊರಿನ ಬಾವಿಗಳೆಲ್ಲ ಉಪ್ಪು. ಕುಡಿಯುವ ನೀರಿಗೆ ಹೆಂಗಸರು ದೋಣಿಯಲ್ಲಿ ಹೊಳೆ ದಾಟಬೇಕಿತ್ತು. ಅದನ್ನು ನೋಡಲಾರದೆ ಅವನು ನೀರಿನ ಟ್ಯಾಂಕು ಕಟ್ಟಿಸಿಕೊಟ್ಟ. ನೀರು ತುಂಬಿದ ಮೂರನೆಯ ದಿನ ಅದು ವಾಲಿತು. ಹೆಂಗಸರು ಮತ್ತೆ ಕೊಡ ಹಿಡಿದು ದೋಣಿ ಹತ್ತಿದರು.

ಶ್ರೀಮಂತ ಮರಳನ್ನು ಬೈದ. ಊರಿನ ಮುದಿ ಮೇಸ್ತ್ರಿಯೊಬ್ಬ ಒಂದು ಹಿಡಿ ಮರಳೆತ್ತಿ ಬೆರಳ ಸಂದಿನಿಂದ ಸುರಿಸಿದ.

“ಹೊಯ್ಗಿದ್ ತಪ್ಪಲ್ಲ ಒಡೇರೆ. ಮೇಲಿಂದ ಒತ್ತಿರೆ ಬದಿಗೆ ಜಾರತ್. ಹಿಡ್ಕಂಬುಕೆ ಯಾರೂ ಇಲ್ಲ ಅದ್ಕೆ.”

ಟ್ಯಾಂಕನ್ನು ಬಿಚ್ಚಿ, ಅಡಿಪಾಯದ ಕೆಳಗಿನ ಮರಳಿನ ನಡುವೆ ಗಟ್ಟಿ ಪ್ಲಾಸ್ಟಿಕ್ ಜಾಲರಿಯ ಮೂರು ಪದರ ಹಾಸಿ, ಮತ್ತೆ ಕಟ್ಟೋಣವೆಂದ. ಶ್ರೀಮಂತ ಒಪ್ಪಿದ. ಆದರೆ ನೋಡಿ, ಅಚ್ಚುಕಟ್ಟಿನ ಮನುಷ್ಯ. ಜಾಲರಿಯನ್ನು ಅಡಿಪಾಯದ ಅಳತೆಗೇ ಕತ್ತರಿಸಲು ಹೇಳಿದ. ಗೋಡೆಯಾಚೆ ಹೋದದ್ದು ವ್ಯರ್ಥವಲ್ಲವೇ?

“ನೀವ್ ಪಂಚೆ ಸೊಂಟದ್ ಅಳತಿಗೇ ಕತ್ತರ್ಸಿ ಉಡ್ತ್ರಿಯಾ ಒಡೇರೆ? ಸಿಕ್ಸುಕೆ ತುದಿ ಬ್ಯಾಡ್ದಾ?”

ಶ್ರೀಮಂತ ನಕ್ಕ, ನಂಬಲಿಲ್ಲ. ಮೇಸ್ತ್ರಿ ಎರಡು ಮೀನಿನ ಪೆಟ್ಟಿಗೆಗಳಲ್ಲಿ ಮರಳು ತುಂಬಿದ. ಒಂದರಲ್ಲಿ ಕಲ್ಲಿನ ಅಗಲಕ್ಕೇ ಕತ್ತರಿಸಿದ ಜಾಲರಿ, ಇನ್ನೊಂದರಲ್ಲಿ ಕಲ್ಲಿನ ಆಚೀಚೆ ಚಾಚಿದ ಜಾಲರಿ. ಎರಡರ ಮೇಲೂ ಸಮತೂಕದ ಕಲ್ಲು. ಮೊದಲನೆಯದು ಮೂರು ಬೆರಳು ಕುಸಿದು ವಾಲಿತು. ಎರಡನೆಯದು? ಅದೂ ಕುಸಿಯಿತು. ಅರ್ಧ ಬೆರಳು. ಕುಸಿದು, ನೆಟ್ಟಗೆ ನಿಂತಿತು.

“ಕತ್ತರಿಸಬೇಡ,” ಎಂದ ಶ್ರೀಮಂತ.

ಟ್ಯಾಂಕು ಇಂದಿಗೂ ನಿಂತಿದೆ. ಆ ದೋಣಿ ಈಗ ಮದುವೆ ದಿಬ್ಬಣಕ್ಕೆ ಹೋಗುತ್ತದೆ.

ಗಮನಿಸಿ, ಮರಳನ್ನು ಯಾರೂ ಬದಲಿಸಲಿಲ್ಲ. ಅದೇ ಕಣ, ಅದೇ ಭಾರ. ನಡುವೆ ಹಿಡಿದುಕೊಳ್ಳುವುದೊಂದು ಬಂತು, ಅಷ್ಟೇ. ನಾವೂ ಬಿಡಿ ಕಣಗಳೇ ಅಲ್ಲವೇ? ಕಾಯಿಲೆಯೋ ಸಾವೋ ಮೇಲೆ ಬಂದು ಕುಳಿತಾಗ ಅರ್ಧ ಬೆರಳೂ ಕುಸಿಯದ ಮನೆ ಯಾವುದಿದೆ? ಕುಸಿಯುವುದು ತಪ್ಪಲ್ಲ. ವಾಲದಂತೆ ಹಿಡಿಯುವವರು ಬೇಕು. ಆದರೆ ನಾವು ಅಕ್ಕರೆಯನ್ನು ನಮ್ಮ ಗೋಡೆಯ ಅಳತೆಗೇ ಕತ್ತರಿಸಿಟ್ಟಿದ್ದೇವೆ. ನನ್ನ ಮಕ್ಕಳು, ನನ್ನ ಜಗುಲಿ, ನನ್ನ ಗೇಟು. ಆಚೆಗೆ ಹೋದದ್ದು ವ್ಯರ್ಥ.

ಇಂದು ಮನೆಗೆ ಮರಳುವಾಗ ನಿಮ್ಮ ಗೇಟಿನ ಬಳಿ ನಿಲ್ಲಬೇಡಿ. ಹತ್ತು ಹೆಜ್ಜೆ ಮುಂದೆ ಹೋಗಿ, ಮಾತು ಬಿಟ್ಟ ಮನೆಯ ಬಾಗಿಲು ತಟ್ಟಿ. ಮುಂದಿನ ವಾರವೂ ತಟ್ಟಿ. ಒಂದೇ ಪದರ ಸಾಲದು. ಭಾರ ಕುಳಿತ ಮೇಲೆ ಅಡಿಯಲ್ಲಿ ಹಾಸಲಾಗುವುದಿಲ್ಲ. ಈಗ ಹಾಸಬಹುದು.