ಬಾಲ ಹಚ್ಚದ ಹೆಸರು

ಒಂದೂರಿನಲ್ಲಿ ಒಬ್ಬ ಮುದಿ ಕಾವಲುಗಾರನಿದ್ದನಂತೆ. ಅವ್ವ ಇಟ್ಟ ಹೆಸರಿನಿಂದ ಕೂಗಿದರಷ್ಟೇ ಏಳುತ್ತಿದ್ದನಂತೆ. ಕಾರ್ಖಾನೆಗಳ ಪ್ರದೇಶವಾದ ಅಂಬಡ್‌ನ ಆಸ್ಪತ್ರೆಯ ಬೆಂಚಿನ ಮೇಲೆ ತನ್ನ ಸರದಿಗೆ ಕಾಯುತ್ತ ಕುಳಿತಿದ್ದ ಅಪೇಕ್ಷಾಗೆ ಅಜ್ಜಿ ಹೇಳುತ್ತಿದ್ದ ಆ ಕಥೆ ನೆನಪಾದದ್ದು ಪಕ್ಕದವರ ಮಾತಿನಿಂದ. ಲೋಹದ ತಗಡು ಒತ್ತುವ ಪ್ರೆಸ್ಸಿಗೆ ಎರಡು ಬೆರಳು ಕಳೆದುಕೊಂಡ ಮಹಿಬೂಬ, ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡಿದ್ದ ಅವನ ಕಾರ್ಖಾನೆಯ ಎಂಜಿನಿಯರ್ ವಿದ್ಯಾವತಿಯನ್ನು ಕೇಳುತ್ತಿದ್ದ.

“ಆತೇನ್ರಿ ಮೇಡಮ್? ಮೂರಕ್ಕ ಪಾಳಿ ಬದಲಾಗಿ ನಮ್ಮ ಮೈಲಾರಿ ಅದ ಪ್ರೆಸ್ಸಿಗೆ ನಿಂದರ್ತಾನ.”

“ಅಷ್ಟರಾಗ ಮಾಡಿಕೊಡ್ತೀನಂತ ಮಾತು ಕೊಟ್ಟೀನಲ್ಲ.”

“ಮೊದಲ ಕೈ ಅಡ್ಡ ಬಂದ್ರ ಮಶೀನ್ ನಿಲ್ಲತಿತ್ತಲ್ರಿ?”

“ನಿಲ್ಲಸೋ ಹಳೇ ಲೈಬ್ರರಿ, ಅಂದ್ರ ಮೊದಲ ಬರೆದಿಟ್ಟ ಕೋಡಿನ ಗಂಟು, ಸಿ ಅನ್ನೋ ಕಂಪ್ಯೂಟರ್ ಭಾಷಾದಾಗ ಅದ. ಹೊಸ ಪ್ರೋಗ್ರಾಮ್ ಸಿ ಪ್ಲಸ್ ಪ್ಲಸ್. ಇದು ಪ್ರತಿ ಹೆಸರಿಗೂ ಒಂದು ಬಾಲ ಹಚ್ಚಿ ಕರೀತದ. ಹಳೇದರಾಗ ಬರೇ ಹೆಸರಷ್ಟ ಇರ್ತದ, ಬಾಲ ಇರೂದಿಲ್ಲ. ಹಿಂಗಾಗಿ ಎರಡೂ ಕೂಡಲಿಲ್ಲ. ಆಮ್ಯಾಲೆ ಆ ಲೈಬ್ರರಿನ್ನ ಕರಿಯೋ ಸಾಲನ್ನ ತೆಗೆದು ಮಶೀನ್ ಚಾಲೂ ಮಾಡಿದ್ರು.”

“ಯಾರ್ರಿ ಮಾಡಿದ್ರು?”

ಕೀಲಿಮಣೆಯ ಸದ್ದು ನಿಂತಿತು.

“ನಾನ.”

ಮಹಿಬೂಬ ಬ್ಯಾಂಡೇಜು ನೋಡಿಕೊಂಡ.

“ಈಗೇನ್ ಮಾಡಬೇಕ್ರಿ?”

“ಇವು ಸಿ ಹೆಸರು, ಬಾಲ ಹಚ್ಚಬ್ಯಾಡ ಅಂತ ಬರೀಬೇಕು. ಒಂದ ಸಾಲು.”

“ಒಂದ ಸಾಲೇನ್ರಿ?”

“ಒಂದ.”

“ಬರೀರಿ ಹಂಗಾರ. ಮೂರಾಗಾಕ ಹತ್ತು ನಿಮಿಷ ಅದ.”

ಅವಳು ಬರೆದು ಕಾರ್ಖಾನೆಗೆ ಕಳಿಸಿ, ಫೋನ್ ಹಚ್ಚಿದಳು.

“ಹೊಸ ಸಾಲು ಹಾಕಿದ್ರೇನು? ಮೈಲಾರಿನ್ನ ಹಿಂದ ನಿಲ್ಲಸ್ರಿ. ಮಶೀನ್ ಚಾಲೂ ಮಾಡಿ, ಕೈ ಬದಲಿ ಕೋಲು ಅಡ್ಡ ಹಿಡೀರಿ.”

ಫೋನಿನಲ್ಲಿ ಪ್ರೆಸ್ಸಿನ ಬಡಿತ ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ.

“ನಿಂತಿತ್ರಿ ಮೇಡಮ್,” ಎಂದಿತು ಆ ಕಡೆಯ ದನಿ.

ಒಳಗಿನಿಂದ ನರ್ಸ್ “ಮಹಿಬೂಬ” ಎಂದು ಕೂಗಿದಳು. ಅವನು ಎದ್ದ. ವಿದ್ಯಾವತಿ ಅವನ ಚೀಲ ಹಿಡಿದು ಹಿಂದೆ ಹೋದಳು.