ಪುಟ್ಟಿಯ ರೆಕ್ಕೆ

ಬಸ್ಸಿನಲ್ಲಿ ಕಂಡಕ್ಟರನ ಮುಂದಿನ ಸೀಟಿನಲ್ಲೇ ಅಣ್ಣ-ತಂಗಿ ಕೂತಿದ್ದರು. ಅಣ್ಣನ ಮಡಿಲಲ್ಲಿ ಮನೆಯಲ್ಲೇ ಮಾಡಿದ ಡಬ್ಬಿ. ಕಂಡಕ್ಟರನ ಕಿವಿ ಅತ್ತಲೇ.

"ಈ ಗುಂಡಿ ತಿರುಗಿಸಿದಷ್ಟೂ, ಶಾಲೆ ನಾಟಕಕ್ಕೆ ನಮ್ಮ ಪುಟ್ಟಿ ಹಾಕ್ಕೊಳ್ಳೋ ರೆಕ್ಕೆಯ ತಂತಿ ಹೊಳೆಯುತ್ತೆ."

"ಉದ್ದ ಜಾಸ್ತಿಯಾಯ್ತು ಅಂತ ತಂತೀನ ಕತ್ತರಿಸ್ಬಿಟ್ಟೆ, ಅಣ್ಣಾ."

"ತುದೀಗೆ ಅಂಟು ಹಾಕಿ ಮುಚ್ಚಿದೆ ತಾನೇ?"

"ಇಲ್ಲ, ಹಾಗೇ ಹೊಲಿದೆ."

"ಅಯ್ಯೋ! ಬೆವರು ತಾಗಿದ್ರೆ ಶಾಕ್ ಹೊಡೆಯುತ್ತೆ ಕಣೇ!"

"ಅಷ್ಟು ಚಿಕ್ಕ ಬ್ಯಾಟರೀಲಾ?"

"ಡಬ್ಬಿ ಅದನ್ನ ನೂರು ವೋಲ್ಟಿಗೂ ಮೇಲೆ ಏರಿಸುತ್ತೆ. ಸದ್ಯ, ಡಬ್ಬಿ ನನ್ನ ಹತ್ರಾನೇ ಇದೆ."

ತಂಗಿ ಅಣ್ಣನ ತೋಳು ಹಿಡಿದಳು.

"ಹಳೇ ಡಬ್ಬೀನ ಅವಳ ಸೊಂಟಕ್ಕೆ ಕಟ್ಟಿ ಬಂದಿದೀನಿ. ವೇದಿಕೆ ಹತ್ತಿದ ಕೂಡ್ಲೇ ಸ್ವಿಚ್ ಒತ್ತು ಅಂದಿದೀನಿ."

"ಅದಕ್ಕೆ ತಿರುಗಿಸೋ ಗುಂಡೀನೇ ಇಲ್ಲ, ಸ್ವಿಚ್ ಒತ್ತಿದ್ರೆ ಪೂರ್ತಿ ಜೋರು! ಶಾಲೆಗೆ ಫೋನ್ ಮಾಡು!"

"ಯಾರೂ ಎತ್ತುತ್ತಿಲ್ಲ..."

ಕಂಡಕ್ಟರ್ ಕಿಟಕಿಯಾಚೆ ಬಗ್ಗಿ ನೋಡಿದ. ಶಾಲೆಯ ಗೇಟು ಬಂತು. ನಿಲ್ದಾಣ ಇನ್ನೂ ಮುಂದಿತ್ತು. ಯಾರೂ ಕೇಳುವ ಮೊದಲೇ ಅವನು ಸೀಟಿ ಊದಿ ಬಸ್ಸು ನಿಲ್ಲಿಸಿದ. ಇಬ್ಬರೂ ಧುಮುಕಿ ಓಡಿದರು. ಹೊಸ ಡಬ್ಬಿ ಸೀಟಿನ ಮೇಲೇ ಉಳಿಯಿತು.